ಮಿಥ್ಯಾವಾಸ್ತವದಲ್ಲಿ ಪ್ರಯೋಗ: ಸಾಧನಗಳ ಇತಿಹಾಸವೂ ಹಂಪೆಯ ಪ್ರತಿರೂಪಗಳೂ

೧. ವಿಷಯಪ್ರವೇಶ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೧೯೪೭ರಲ್ಲಿ ಸ್ಥಾಪಿತವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ೨೦೧೫ರಲ್ಲಿ ಕೆ. ಎಲ್. ಇ. ತಾಂತ್ರಿಕ ವಿಶ್ವವಿದ್ಯಾಲಯವೆಂಬ ಹೆಸರನ್ನು ತಳೆಯಿತು. ಹಂಪೆಯ ಅವಶೇಷಗಳ ಸ್ವರೂಪವನ್ನು ಗಣಕಯಂತ್ರದಲ್ಲಿ ಸಂರಕ್ಷಿಸಬೇಕೆಂಬ ಉದ್ದೇಶದಿಂದ ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯವರು ೨೦೧೦ರ ದಶಕದಲ್ಲಿ ನಡೆಯಿಸಿದ ಯೋಜನೆಯಲ್ಲಿ ದಿಲ್ಲಿ ಮತ್ತು ಮುಂಬಯಿಯ ಐ. ಐ. ಟಿ.ಗಳು, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮುಂತಾದವುಗಳೊಡನೆ ಹುಬ್ಬಳ್ಳಿಯ ಈ ವಿದ್ಯಾಲಯದ ಸಂಶೋಧಕರೂ ಪಾಲುಗೊಂಡರು. ಈ ಪರಿಶ್ರಮದ ಫಲವು ೨೦೧೭ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಗ್ರಂಥರೂಪದಲ್ಲಿ ಪ್ರಕಟವಾಯಿತು.

ಕಲ್ಲಿನಲ್ಲಿ ಒಡೆದುಹೋದುದು ಗಣಕದಲ್ಲಿ ಕೂಡಿ ಕಾಣಿಸಿಕೊಳ್ಳುವುದು ಈ ಬಗೆಯ ಕಾರ್ಯದ ವಿಶೇಷವಾಗಿದೆ. ಹೆಡ್‌ಸೆಟ್ಟನ್ನು ತಲೆಗೆ ಧರಿಸಿಕೊಂಡವನು ಭಗ್ನವಾದ ಗುಡಿಯೊಳಗೆ ಅದು ಅಭಗ್ನವೋ ಎಂಬಂತೆ ಸಂಚರಿಸಬಲ್ಲನು. ಆದರೆ ಅಲ್ಲಿ ಅವನು ಕಂಡುದರಲ್ಲಿ ಶಿಲ್ಪಿಯದು ಎಷ್ಟು, ಊಹೆಯದು ಎಷ್ಟು ಎಂಬುದನ್ನು ತಿಳಿಯುವ ಬಗೆ ಹೇಗೆ? ಅವನು ಆ ಭೇದವನ್ನು ಅರಿತೇ ಹೊರಗೆ ಬಂದನೆಂಬುದನ್ನಾದರೂ ಪರೀಕ್ಷಿಸುವ ಬಗೆ ಯಾವುದು? ಇತಿಹಾಸವನ್ನೂ ಕಾವ್ಯವನ್ನೂ ಬೋಧಿಸುವವರಿಗೆ ಈ ಪ್ರಶ್ನೆಗಳು ಉಪೇಕ್ಷಣೀಯವಲ್ಲ. ಇವಕ್ಕೆ ಉತ್ತರವನ್ನು ಕಾಣಬೇಕಾದರೆ, ಕೃತಕವಾದ ದೃಶ್ಯಲೋಕದಲ್ಲಿ ಮನುಷ್ಯನನ್ನು ಇರಿಸಿ ಪರೀಕ್ಷಿಸುವ ಸಾಧನಗಳು ಹೇಗೆ ಬೆಳೆದುಬಂದುವೆಂಬುದನ್ನು ಮೊದಲು ನೋಡತಕ್ಕದ್ದು.

ಇಂಗ್ಲಿಷಿನ ‘ವರ್ಚುವಲ್ ರಿಯಾಲಿಟಿ’ ಎಂಬುದಕ್ಕೆ ಕನ್ನಡದಲ್ಲಿ ‘ಮಿಥ್ಯಾವಾಸ್ತವ’ ಎಂಬ ಪದವು ಬಳಕೆಗೆ ಬಂದಿದೆ. ಮಿಥ್ಯೆಯಾದುದು ವಾಸ್ತವವಾಗುವುದೆಂತು ಎಂದು ಆಕ್ಷೇಪಿಸುವವರುಂಟು. ಅದ್ವೈತಿಗಳು ಹೇಳುವ ಸತ್ತಾತ್ರಯವನ್ನು ನೆನೆದರೆ ಈ ವಿರೋಧವು ಪರಿಹಾರವಾಗುವುದು. ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂಬ ಮೂರರಲ್ಲಿ ಹೆಡ್‌ಸೆಟ್ಟಿನೊಳಗಣ ಗುಡಿಯು ಪ್ರಾತಿಭಾಸಿಕ. ಅದನ್ನು ನೋಡಿ ತಲೆ ಬಾಗಿಸಿದವನ ತಲೆಯೂ ಬಾಗಿದುದಕ್ಕೆ ತಗಲಿದ ಕಾಲವೂ ವ್ಯಾವಹಾರಿಕ. ಶ್ರೀಹರ್ಷನ ರತ್ನಾವಳಿಯ ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನು ಅಂತಃಪುರಕ್ಕೆ ಬೆಂಕಿ ಬಿದ್ದಂತೆ ತೋರಿಸಿದಾಗ ವತ್ಸರಾಜನು ಸಾಗರಿಕೆಯನ್ನು ಉಳಿಸಲು ಆ ಬೆಂಕಿಯೊಳಕ್ಕೆ ನುಗ್ಗುತ್ತಾನೆ. ಬೆಂಕಿ ಸುಳ್ಳು, ರಾಜನು ನುಗ್ಗಿದ್ದು ನಿಜ. ಪ್ರಾತಿಭಾಸಿಕವಾದ ವಿಷಯದಿಂದ ವ್ಯಾವಹಾರಿಕವಾದ ದಾಖಲೆಯನ್ನು ಪಡೆಯುವುದೇ ಮಿಥ್ಯಾವಾಸ್ತವದಲ್ಲಿ ನಡೆಯುವ ಪ್ರಯೋಗದ ಸಾರವು.

೨. ತಂತ್ರಾಂಶಕ್ಕೆ ಪೂರ್ವದ ಕಾಲ

ಕೃತಕದೃಶ್ಯವು ಹುಟ್ಟಿದುದೇ ಪ್ರಯೋಗಕ್ಕಾಗಿ ಎಂಬುದು ಗಮನಿಸತಕ್ಕ ಸಂಗತಿಯಾಗಿದೆ. ೧೮೩೮ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ನನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಸ್ಟೀರಿಯೊಸ್ಕೋಪೆಂಬ ಯಂತ್ರವನ್ನು ವಿವರಿಸಿದನು. ಎರಡು ಕನ್ನಡಿಗಳ ಮೂಲಕ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವನ್ನು ತೋರಿಸಿದರೆ ಸಮತಲವಾದ ಎರಡು ಚಿತ್ರಗಳು ಸೇರಿ ಆಳವುಳ್ಳ ಒಂದೇ ವಸ್ತುವಾಗಿ ತೋರುತ್ತವೆ. ಅವನು ತನ್ನ ಚಿತ್ರಗಳಲ್ಲಿ ನೆರಳು ಬೆಳಕುಗಳನ್ನು ಬಿಟ್ಟು ಬರಿಯ ರೇಖೆಗಳನ್ನೇ ಬಳಸಿದನು. ಆಳದ ಪ್ರತೀತಿಗೆ ಎರಡು ಕಣ್ಣುಗಳ ನೋಟದ ಭೇದವೊಂದೇ ಸಾಕಾಗುವುದೋ ಅಥವಾ ಛಾಯೆಯೂ ಬೇಕೋ ಎಂಬುದನ್ನು ಬೇರ್ಪಡಿಸಿ ತಿಳಿಯುವುದೇ ಅವನ ಉದ್ದೇಶವು. ಒಂದು ಕಾರಣವನ್ನುಳಿದು ಮಿಕ್ಕವನ್ನೆಲ್ಲ ದೂರಮಾಡುವ ಈ ಕ್ರಮವು ಶಾಸ್ತ್ರದಲ್ಲಿ ಹೇಳುವ ಅನ್ವಯವ್ಯತಿರೇಕಗಳಿಗೆ ಸಮಾನವಾದುದು. ಡೇವಿಡ್ ಬ್ರೂಸ್ಟರನು ೧೮೪೯ರಲ್ಲಿ ಕನ್ನಡಿಗಳಿಗೆ ಬದಲಾಗಿ ಗಾಜಿನ ಮಸೂರಗಳನ್ನು ಅಳವಡಿಸಿದ ಮೇಲೆ ಅದೇ ಯಂತ್ರವು ಮನೆಮನೆಯ ವಿನೋದವಸ್ತುವಾಯಿತು. ವಿಜ್ಞಾನದ ಸಾಧನವು ಆಟಿಕೆಯಾಗಿ, ಆಟಿಕೆಯು ಮರಳಿ ವಿಜ್ಞಾನದ ಸಾಧನವಾಗುವ ಈ ಚಕ್ರವು ಮುಂದೆಯೂ ಕಾಣಸಿಗುತ್ತದೆ.

೧೮೭೯ರಲ್ಲಿ ವುಂಟನು ಲೈಪ್‌ಜಿಗ್ಗಿನಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಭರತಖಂಡದಲ್ಲಿ ಈ ಶಾಸ್ತ್ರವು ೧೯೧೬ರಲ್ಲಿ ನರೇಂದ್ರನಾಥ ಸೇನಗುಪ್ತರ ಕೈಕೆಳಗೆ ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ನೆಲೆಯೂರಿತು. ಕರ್ಣಾಟಕದಲ್ಲಿ ಬ್ರಜೇಂದ್ರನಾಥ ಶೀಲರು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಕಾಲದಲ್ಲಿ, ೧೯೨೪ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರು ಅಲ್ಲಿಯ ಮನಶ್ಶಾಸ್ತ್ರ ವಿಭಾಗವನ್ನು ಪ್ರಾರಂಭಿಸಿದರು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಪ್ರಸಾರಮಾಡಿ ‘ಆಕಾಶವಾಣಿ’ ಎಂಬ ಹೆಸರಿಗೆ ಕಾರಣರಾದವರೂ ಇವರೇ. ಕಾಣದ ಮನುಷ್ಯನ ಧ್ವನಿಯನ್ನು ಮನೆಯೊಳಕ್ಕೆ ತಂದ ಯಂತ್ರವೂ, ಮನಸ್ಸನ್ನು ಅಳೆಯುವ ಶಾಸ್ತ್ರವೂ ಒಬ್ಬರೇ ವಿದ್ವಾಂಸರ ಕೈಯಿಂದ ಮೈಸೂರಿನಲ್ಲಿ ಬೇರೂರಿದುದು ಸ್ಮರಣೀಯವಾಗಿದೆ.

ಆ ಕಾಲದ ಪ್ರಯೋಗಶಾಲೆಗಳಲ್ಲಿ ಕ್ಷಣಮಾತ್ರ ಅಕ್ಷರಗಳನ್ನು ತೋರಿಸಿ ಮರೆಮಾಡುವ ಯಂತ್ರ, ಸೆಕೆಂಡಿನ ಸಾವಿರದೊಂದು ಭಾಗವನ್ನು ಅಳೆಯುವ ಗಡಿಯಾರ, ಸ್ಟೀರಿಯೊಸ್ಕೋಪು ಮೊದಲಾದವು ಬೇರೆಬೇರೆಯಾಗಿದ್ದುವು. ಯಾವ ಚಿತ್ರವನ್ನು ಯಾವಾಗ ತೋರಿಸಬೇಕು, ಎಷ್ಟು ಸಲ ತೋರಿಸಬೇಕು, ಬಂದ ಉತ್ತರವನ್ನು ಎಲ್ಲಿ ಬರೆಯಬೇಕು ಎಂಬ ಮೂರು ಕೆಲಸಗಳನ್ನೂ ಪ್ರಯೋಗಕಾರನು ಕೈಯಿಂದಲೇ ಮಾಡಬೇಕಾಗಿತ್ತು. ಮುಂದೆ ತಂತ್ರಾಂಶವು ವಹಿಸಿಕೊಂಡ ಹೊರೆಯು ಈ ಮೂರೇ.

೩. ದೃಶ್ಯಯಂತ್ರದಿಂದ ಪ್ರಯೋಗಶಾಲೆಗೆ

ಗಣಕಯಂತ್ರವೇ ದೃಶ್ಯವನ್ನು ರಚಿಸಿ, ನೋಡುವವನು ತಲೆ ತಿರುಗಿಸಿದಂತೆ ಅದನ್ನು ಮಾರ್ಪಡಿಸಬೇಕೆಂಬ ಭಾವನೆಗೆ ಅಮೆರಿಕದ ಐವನ್ ಸದರ್ಲಂಡನು ೧೯೬೫ರ ತನ್ನ ಲೇಖನವೊಂದರಲ್ಲಿ ರೂಪವನ್ನು ಕೊಟ್ಟು, ೧೯೬೮ರಲ್ಲಿ ಅದನ್ನು ಯಂತ್ರವಾಗಿಸಿ ತೋರಿಸಿದನು. ಎರಡು ಸಣ್ಣ ವಿದ್ಯುತ್ ನಳಿಗೆಗಳಿಂದ ಕಣ್ಣುಗಳಿಗೆ ರೇಖಾಚಿತ್ರಗಳು ತೋರುತ್ತಿದ್ದುವು. ತಲೆಯ ನೆಲೆಯನ್ನು ಅಳೆಯುವುದಕ್ಕೆ ಛಾವಣಿಯಿಂದ ಇಳಿಬಿಟ್ಟ ಲೋಹದ ತೋಳೊಂದಿತ್ತು. ೧೯೯೨ರಲ್ಲಿ ಶಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾಲಯದ ಕರೊಲಿನಾ ಕ್ರೂಸ್-ನೈರಾ, ಡೇನಿಯಲ್ ಸ್ಯಾಂಡಿನ್, ಥಾಮಸ್ ಡಿಫಾಂಟಿ ಎಂಬವರು ತಲೆಯ ಮೇಲಣ ಭಾರವನ್ನು ತೆಗೆದು, ಗೋಡೆಗಳ ಮೇಲೆಯೇ ದೃಶ್ಯವನ್ನು ಬಿಂಬಿಸುವ ಕೋಣೆಯನ್ನು ನಿರ್ಮಿಸಿದರು. ಅದಕ್ಕೆ ‘ಕೇವ್’ ಎಂಬ ಹೆಸರಿಡುವಾಗ ಪ್ಲೇಟೋವಿನ ಗುಹೆಯ ದೃಷ್ಟಾಂತವೂ ಅವರ ನೆನಪಿನಲ್ಲಿತ್ತು.

ಈ ಯಂತ್ರಗಳು ಮನಶ್ಶಾಸ್ತ್ರಕ್ಕೆ ಹೇಗೆ ಉಪಕರಿಸುವುವೆಂಬುದನ್ನು ಕ್ಯಾಲಿಫೋರ್ನಿಯದ ಸ್ಯಾಂಟ ಬಾರ್ಬರದಲ್ಲಿ ಲೂಮಿಸ್, ಬ್ಲಾಸ್ಕೊವಿಚ್, ಬೀಲ್ ಎಂಬ ಮೂವರು ೧೯೯೯ರಲ್ಲಿ ವಿವರಿಸಿದರು. ಪ್ರಯೋಗಶಾಲೆಯಲ್ಲಿ ನಿಯಂತ್ರಣ ಹೆಚ್ಚಿದಂತೆ ಜೀವನದ ಸಹಜತೆ ಕಡಿಮೆಯಾಗುತ್ತದೆ. ಬೀದಿಯಲ್ಲಿ ಸಹಜತೆಯಿದೆ, ನಿಯಂತ್ರಣವಿಲ್ಲ. ಕೃತಕಲೋಕದಲ್ಲಿಯಾದರೋ ಬೀದಿಯಂತೆ ತೋರುವ ಸ್ಥಳವನ್ನು ಎಲ್ಲರಿಗೂ ಅಕ್ಷರಶಃ ಒಂದೇ ರೀತಿಯಲ್ಲಿ ತೋರಿಸಬಹುದು. ಅದೇ ಹತ್ತುಜನ, ಅದೇ ಬೆಳಕು, ಅದೇ ದೂರ, ಬದಲಾಗುವುದು ಪರೀಕ್ಷಿಸಬೇಕಾದ ಒಂದು ಅಂಶ ಮಾತ್ರ. ವೀಟ್‌ಸ್ಟನ್ನನು ರೇಖೆಗಳಲ್ಲಿ ಮಾಡಿದುದನ್ನು ಹೀಗೆ ಇಡೀ ಲೋಕದಲ್ಲಿ ಮಾಡುವ ಅವಕಾಶವು ಒದಗಿತು.

ಆದರೆ ಅಂಥ ಪ್ರಯೋಗವನ್ನು ನಡೆಯಿಸಬೇಕಾದವರು ಮೊದಲು ಯಂತ್ರತಜ್ಞರಾಗಬೇಕಾಗಿತ್ತು. ತಲೆಯ ನೆಲೆಯನ್ನು ಅಳೆಯುವ ಯಂತ್ರಗಳು ತಯಾರಕರಿಗೊಂದು ಬಗೆಯಾಗಿದ್ದುದರಿಂದ, ಒಂದಕ್ಕೆ ಬರೆದ ಕ್ರಮವಿಧಿಯು ಇನ್ನೊಂದಕ್ಕೆ ಸಲ್ಲುತ್ತಿರಲಿಲ್ಲ. ಈ ತೊಡಕನ್ನು ಬಿಡಿಸಲು ಉತ್ತರ ಕೆರೊಲಿನದ ವಿಶ್ವವಿದ್ಯಾಲಯದವರು ೨೦೦೧ರಲ್ಲಿ ‘ವಿ. ಆರ್. ಪಿ. ಎನ್.’ ಎಂಬ ಮಧ್ಯವರ್ತಿ ತಂತ್ರಾಂಶವನ್ನು ಲೋಕಕ್ಕೆ ಪರಿಚಯಿಸಿದರು. ಸ್ಯಾಂಟ ಬಾರ್ಬರದಿಂದಲೇ ಹೊರಟ ‘ವಿಜಾರ್ಡ್’ ಎಂಬ ತಂತ್ರಾಂಶವು ಪೈಥನ್ ಎಂಬ ಸುಲಭವಾದ ಗಣಕಭಾಷೆಯಲ್ಲಿ ಕೃತಕಲೋಕವನ್ನು ರಚಿಸುವ ಅನುಕೂಲವನ್ನು ಕಲ್ಪಿಸಿತು. ಇಷ್ಟಾದರೂ ಯಂತ್ರಗಳ ಬೆಲೆಯು ದೊಡ್ಡ ವಿದ್ಯಾಲಯಗಳಿಗೆ ಮಾತ್ರ ಎಟಕುವಷ್ಟಿತ್ತು.

೪. ಪ್ರಯೋಗವನ್ನು ನಡೆಯಿಸುವ ತಂತ್ರಾಂಶಗಳು

ಪರಿಸ್ಥಿತಿಯನ್ನು ಬದಲಿಸಿದುದು ಮತ್ತೆ ಆಟಿಕೆಯೇ. ಗಣಕದ ಆಟಗಳನ್ನು ರಚಿಸುವುದಕ್ಕೆಂದು ‘ಯೂನಿಟಿ’ ಎಂಬ ತಂತ್ರಾಂಶವು ೨೦೦೫ರಲ್ಲಿ ಹೊರಬಂದಿತು. ೨೦೧೨ರಲ್ಲಿ ಜನರ ಚಂದಾಹಣದಿಂದ ಪ್ರಾರಂಭವಾದ ‘ಓಕ್ಯುಲಸ್ ರಿಫ್ಟ್’ ಹೆಡ್‌ಸೆಟ್ಟೂ, ‘ಎಚ್. ಟಿ. ಸಿ. ವೈವ್’ ಎಂಬುದೂ ೨೦೧೬ರಲ್ಲಿ ಸಾಮಾನ್ಯರ ಪೇಟೆಗೆ ಬಂದುವು. ಸೆಕೆಂಡಿಗೆ ೯೦ ಸಲ ಹೊಸ ಚಿತ್ರವನ್ನು ಕಣ್ಣಿಗೆ ಒದಗಿಸುವ ಈ ಯಂತ್ರಗಳನ್ನು ಒಂದು ಸಾಧಾರಣ ಕಾಲೇಜು ಕೂಡ ಕೊಳ್ಳುವಂತಾಯಿತು. ಆದರೆ ಆಟದ ತಂತ್ರಾಂಶಕ್ಕೆ ಪ್ರಯೋಗದ ನಿಯಮ ತಿಳಿಯದು. ಆಟವು ಆಡುವವನನ್ನು ರಂಜಿಸುವುದಕ್ಕಾಗಿ ಇದೆ. ಪ್ರಯೋಗವು ನೋಟಕನ ಪ್ರತಿಯೊಂದು ವರ್ತನೆಯನ್ನೂ ಬರೆದಿಡಬೇಕು. ಈ ಎರಡರ ನಡುವಣ ಅಂತರವನ್ನು ತುಂಬಲು ಹೊರಟ ಉಪತಂತ್ರಾಂಶಗಳೇ ಪ್ರಕೃತದಲ್ಲಿ ಮುಖ್ಯವಾದುವು.

೨೦೧೭ರಲ್ಲಿ ಎಸ್ಟೋನಿಯದ ಟಾರ್ಟುವಿನಿಂದ ‘ವ್ರೆಕ್ಸ್’, ಸ್ವಿಜರ್ಲೆಂಡಿನ ಜೂರಿಕ್ಕಿನಿಂದ ‘ಈವ್’; ೨೦೨೦ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಿಂದ ‘ಯು. ಎಕ್ಸ್. ಎಫ್.’, ಕೆನಡದ ಟೊರಾಂಟೋವಿನಿಂದ ‘ಬಿ. ಎಂ. ಎಲ್. ಟಕ್ಸ್’ ಎಂಬವು ಪಂಡಿತಪತ್ರಿಕೆಗಳಲ್ಲಿ ವರ್ಣಿತವಾದುವು. ಇವುಗಳಲ್ಲಿ ಲೀಡ್ಸಿನ ಸಾಧನದ ರಚನೆಯನ್ನು ಉದಾಹರಣೆಗಾಗಿ ನೋಡಬಹುದು. ಅದರಲ್ಲಿ ಒಬ್ಬ ನೋಟಕನು ಒಮ್ಮೆ ಕುಳಿತು ಮುಗಿಸುವ ಸಮಗ್ರ ಪ್ರಯೋಗಕ್ಕೆ ಸೆಷನ್ ಎಂದೂ, ಅದರೊಳಗಿನ ವಿಭಾಗಕ್ಕೆ ಬ್ಲಾಕ್ ಎಂದೂ, ವಿಭಾಗದೊಳಗಿನ ಒಂದೊಂದು ಪರೀಕ್ಷೆಗೆ ಟ್ರಯಲ್ ಎಂದೂ ಹೆಸರು. ಗದುಗಿನ ಭಾರತದಲ್ಲಿ ಪರ್ವ, ಸಂಧಿ, ಪದ್ಯಗಳಿರುವಂತೆ ಇವುಗಳ ಕ್ರಮವಿದೆ. ಸೆಷನ್ನಿಗೆ ಗೊತ್ತುಪಡಿಸಿದ ನಿಯಮವು ಕೆಳಗಿನ ಎಲ್ಲ ಬ್ಲಾಕುಗಳಿಗೂ ಟ್ರಯಲ್ಲುಗಳಿಗೂ ಅನ್ವಯಿಸುತ್ತದೆ. ಒಂದು ಟ್ರಯಲ್ಲಿಗೆ ಪ್ರತ್ಯೇಕ ನಿಯಮವನ್ನು ವಿಧಿಸಿದರೆ ಅಲ್ಲಿ ಅದೇ ಪ್ರಬಲವಾಗುತ್ತದೆ. ಉತ್ಸರ್ಗವನ್ನು ಅಪವಾದವು ಬಾಧಿಸುವುದೆಂಬ ವ್ಯಾಕರಣದ ನ್ಯಾಯವನ್ನು ಬಲ್ಲವರಿಗೆ ಇದು ಹೊಸದಲ್ಲ.

ಪ್ರತಿ ಟ್ರಯಲ್ಲು ಮುಗಿದೊಡನೆ ಅದು ಪ್ರಾರಂಭವಾದ ಕಾಲ, ಮುಗಿದ ಕಾಲ, ತೋರಿಸಿದ ವಸ್ತು, ಬಂದ ಉತ್ತರ ಇವೆಲ್ಲ ಕೋಷ್ಟಕದ ಒಂದು ಸಾಲಾಗಿ ದಾಖಲಾಗುತ್ತವೆ. ಇದಲ್ಲದೆ ತಲೆಯೂ ಕೈಗಳೂ ಕ್ಷಣಕ್ಷಣಕ್ಕೂ ಇದ್ದ ನೆಲೆ ಮತ್ತು ತಿರುಗಿದ ದಿಕ್ಕು ಬೇರೆ ಕಡತದಲ್ಲಿ ಸೇರುತ್ತವೆ. ಟೊರಾಂಟೋವಿನ ಸಾಧನವಾದರೋ ಪರೀಕ್ಷಿಸಬೇಕಾದ ಅಂಶಗಳನ್ನು ಹೇಳಿದರೆ ಸಾಕು, ಅವುಗಳ ಎಲ್ಲ ಸಂಯೋಗಗಳನ್ನೂ ತಾನೇ ಎಣಿಸಿ ಟ್ರಯಲ್ಲುಗಳ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಮೂರು ದೂರಗಳನ್ನೂ ಎರಡು ಬೆಳಕುಗಳನ್ನೂ ಪರೀಕ್ಷಿಸಬೇಕಾಗಿದ್ದರೆ ಆರು ಬಗೆಯ ಟ್ರಯಲ್ಲುಗಳಾಗುವುವು; ಅವುಗಳ ಅನುಕ್ರಮವನ್ನು ಕಲಸಿ ತೋರಿಸುವುದರಿಂದ, ಮುಂದೇನು ಬರುವುದೆಂದು ನೋಟಕನು ಊಹಿಸಲಾರನು.

ಈ ಸಾಧನಗಳು ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುವಂತೆ ಪ್ರಕಟವಾದುದಕ್ಕೆ ಹಿನ್ನೆಲೆಯಿದೆ. ೨೦೧೫ರಲ್ಲಿ ವಿವಿಧ ದೇಶಗಳ ವಿದ್ವಾಂಸರು ಕೂಡಿ, ಆ ಹಿಂದೆ ಪ್ರಕಟವಾಗಿದ್ದ ೧೦೦ ಮನಶ್ಶಾಸ್ತ್ರ ಅಧ್ಯಯನಗಳನ್ನು ಮರಳಿ ನಡೆಯಿಸಿ ನೋಡಿದಾಗ, ಸುಮಾರು ಶೇಕಡಾ ೩೬ರಷ್ಟರಲ್ಲಿ ಮಾತ್ರ ಗಣನೀಯವಾದ ಫಲವು ಮತ್ತೆ ದೊರೆಯಿತು. ಪ್ರಯೋಗದ ವರದಿಯನ್ನು ಓದುವುದು ಬೇರೆ, ಪ್ರಯೋಗವನ್ನೇ ಮರಳಿ ನಡೆಯಿಸುವುದು ಬೇರೆ ಎಂಬುದು ಇದರಿಂದ ಎಲ್ಲರಿಗೂ ಮನವರಿಕೆಯಾಯಿತು. ಕೃತಕಲೋಕವನ್ನೂ ಅದರ ನಿಯಮಗಳನ್ನೂ ಕಡತವಾಗಿ ಕೈಬದಲಿಸಬಹುದಾದುದರಿಂದ, ಲೀಡ್ಸಿನಲ್ಲಿ ನಡೆದುದನ್ನು ಧಾರವಾಡದಲ್ಲಿ ಅದೇ ಕ್ರಮದಿಂದ ನಡೆಯಿಸಿ ಪರೀಕ್ಷಿಸುವುದು ಸಾಧ್ಯವಾಯಿತು.

೫. ಭ್ರಮೆಯ ಸ್ವರೂಪ

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ತಾನು ಕಾಣುತ್ತಿರುವುದು ಸುಳ್ಳೆಂದು ನೋಟಕನಿಗೆ ಮೊದಲೇ ತಿಳಿದಿರುವುದಷ್ಟೆ. ಹಗ್ಗವೆಂದು ತಿಳಿದ ಮೇಲೆ ಹಾವಿನ ಭಯವಿರದು. ಹೀಗಿರಲು ಅವನ ವರ್ತನೆಯಿಂದ ಯಾವ ತತ್ತ್ವವು ಸಿದ್ಧವಾದೀತು?

ಇದಕ್ಕೆ ಸಮಾಧಾನವು ವೇದಾಂತಶಾಸ್ತ್ರದಲ್ಲಿಯೇ ಇದೆ. ಭ್ರಮೆಯು ನಿರುಪಾಧಿಕ, ಸೋಪಾಧಿಕ ಎಂದು ಎರಡು ವಿಧ. ರಜ್ಜುಸರ್ಪವು ಮೊದಲನೆಯದು, ಅದು ಜ್ಞಾನಮಾತ್ರದಿಂದ ನಿವೃತ್ತವಾಗುತ್ತದೆ. ದಾಸವಾಳದ ಸಮೀಪದಲ್ಲಿರುವ ಸ್ಫಟಿಕವು ಕೆಂಪಾಗಿ ತೋರುವುದು ಎರಡನೆಯದು, ಸ್ಫಟಿಕವು ಬಿಳಿಯೆಂದು ತಿಳಿದಿದ್ದರೂ ಹೂವು ಹತ್ತಿರವಿರುವ ತನಕ ಅದು ಕೆಂಪಾಗಿಯೇ ಕಾಣುತ್ತದೆ. ಹೆಡ್‌ಸೆಟ್ಟು ಕಣ್ಣಮುಂದಿರುವವರೆಗೂ ದೃಶ್ಯವು ಬಾಧಿತವಾಗದಿರುವುದು ಈ ಸೋಪಾಧಿಕಭ್ರಮೆಯ ವರ್ಗಕ್ಕೆ ಸೇರಿದುದು.

ಪಾಶ್ಚಾತ್ಯ ಸಂಶೋಧಕರ ಅನುಭವವೂ ಇದಕ್ಕೆ ಅನುಕೂಲವಾಗಿಯೇ ಇದೆ. ಮೆಲ್ ಸ್ಲೇಟರನೂ ಅವನ ಸಹಕಾರಿಗಳೂ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಣಕದಿಂದ ರಚಿತಳಾದ ಸ್ತ್ರೀಯೊಬ್ಬಳು ತಪ್ಪು ಉತ್ತರ ಕೊಟ್ಟಾಗಲೆಲ್ಲ ನೋಟಕರು ಆಕೆಗೆ ವಿದ್ಯುತ್ತಿನ ಆಘಾತವನ್ನು ಕೊಡಬೇಕಾಗಿತ್ತು. ಆಕೆಯೂ ಆಘಾತವೂ ಸತ್ಯವಲ್ಲವೆಂದು ಎಲ್ಲರಿಗೂ ತಿಳಿದಿತ್ತು. ಆದರೂ ಆಕೆಯನ್ನು ಕಂಡು ಕೇಳಿದವರ ಮನಸ್ಸೂ ಶರೀರವೂ ಸತ್ಯಘಟನೆಯಲ್ಲಿರುವಂತೆ ಕ್ಷೋಭೆಗೊಂಡುವು. ೨೦೦೯ರಲ್ಲಿ ಸ್ಲೇಟರನು ಈ ಅನುಭವವನ್ನು ವಿಶ್ಲೇಷಿಸಿ, ‘ತಾನು ಅಲ್ಲಿಯೇ ಇದ್ದೇನೆ’ ಎಂಬ ಸ್ಥಳಭ್ರಮೆಯನ್ನೂ ‘ಇದು ನಡೆಯುತ್ತಲೇ ಇದೆ’ ಎಂಬ ಘಟನಾಭ್ರಮೆಯನ್ನೂ ಬೇರೆಬೇರೆಯಾಗಿ ನಿರೂಪಿಸಿದನು.

ಈ ವಿಚಾರದಿಂದ ಎರಡು ಮಾತುಗಳು ಸಿದ್ಧವಾಗುವುವು. ನೋಟಕನ ಶರೀರಕ್ಕೂ ಮನಸ್ಸಿಗೂ ಆಗುವ ಪರಿಣಾಮವು ನಿಜವಾದುದರಿಂದ ಪ್ರಯೋಗಕಾರನ ಹೊಣೆಯೂ ನಿಜವಾದುದೇ. ವಾಕರಿಕೆ, ತಲೆಸುತ್ತು ಮುಂತಾದ ೧೬ ಲಕ್ಷಣಗಳನ್ನು ವಿಚಾರಿಸುವ ಪ್ರಶ್ನಾವಳಿಯೊಂದು ೧೯೯೩ರಲ್ಲಿ ವಿಮಾನಚಾಲಕರ ತರಬೇತಿಯ ಪ್ರಸಂಗದಲ್ಲಿ ಸಿದ್ಧವಾಗಿ ಈ ಕ್ಷೇತ್ರದಲ್ಲಿಯೂ ಬಳಕೆಯಾಗುತ್ತಿರುವುದು ಈ ಕಾರಣದಿಂದಲೇ. ಎರಡನೆಯದಾಗಿ, ಸುಳ್ಳೆಂದು ತಿಳಿದಿದ್ದರೂ ಸುಳ್ಳಿನ ಸಂಸ್ಕಾರವು ಉಳಿಯುವುದಾದರೆ, ಸತ್ಯವೂ ಊಹೆಯೂ ಬೆರೆತ ದೃಶ್ಯದಿಂದ ಉಳಿಯುವ ಸಂಸ್ಕಾರವು ಎಷ್ಟರಮಟ್ಟಿಗೆ ವಿಶ್ವಸನೀಯವೆಂಬ ಪ್ರಶ್ನೆಯು ಗುರುತರವಾಗುತ್ತದೆ. ಹಂಪೆಯ ಪ್ರತಿರೂಪಗಳ ವಿಷಯವು ಇಲ್ಲಿಯೇ ಬಂದು ಸೇರುವುದು.

೬. ಹಂಪೆಯ ಪ್ರತಿರೂಪಗಳು

ಪ್ರತಿರೂಪವನ್ನು ರಚಿಸುವ ಕ್ರಮವು ಹೀಗೆ: ಒಂದು ಕಂಬವನ್ನೋ ವಿಗ್ರಹವನ್ನೋ ಸುತ್ತಲಿನಿಂದ ಅನೇಕ ಛಾಯಾಚಿತ್ರಗಳಲ್ಲಿ ಹಿಡಿದು, ಒಂದೇ ಬಿಂದುವು ಬೇರೆಬೇರೆ ಚಿತ್ರಗಳಲ್ಲಿ ಎಲ್ಲೆಲ್ಲಿ ಬಂದಿದೆಯೆಂಬುದನ್ನು ಗಣಕದಿಂದ ಗುರುತಿಸಿದರೆ, ಕ್ಯಾಮರಾ ನಿಂತ ಸ್ಥಳವೂ ಬಿಂದುವಿನ ಸ್ಥಳವೂ ರೇಖಾಗಣಿತದಿಂದ ಸಿದ್ಧಿಸುತ್ತವೆ. ಹೀಗೆ ದೊರೆತ ಅಸಂಖ್ಯ ಬಿಂದುಗಳ ಸಮೂಹವೇ ಪ್ರತಿರೂಪದ ಮೂಲದ್ರವ್ಯ. ಕಲ್ಲು ಒಡೆದಲ್ಲಿ ಬಿಂದುಗಳಿರುವುದಿಲ್ಲ. ಆ ಕುಳಿಯನ್ನು ತುಂಬಬೇಕು. ಪ್ರಾಧ್ಯಾಪಕಿ ಉಮಾ ಮುದೇನಗುಡಿಯವರೂ ಅವರ ಸಹಕಾರಿಗಳೂ ಹುಬ್ಬಳ್ಳಿಯಲ್ಲಿ ಈ ಸಮಸ್ಯೆಯನ್ನು ಕೈಕೊಂಡು, ರೀಮಾನನ ಜ್ಯಾಮಿತಿಯ ಪರಿಮಾಣಗಳಿಂದ ಮೇಲ್ಮೈಯ ಬಾಗುವಿಕೆಯನ್ನು ಅಳೆದು, ಅದಕ್ಕೆ ಸದೃಶವಾದ ಭಾಗಗಳ ಆಧಾರದಿಂದ ಕುಳಿಯನ್ನು ತುಂಬುವ ವಿಧಾನಗಳನ್ನು ಪ್ರಕಟಿಸಿದರು. ಇದು ಶಾಸ್ತ್ರೀಯವಾದ ಅನುಮಾನ. ಆದರೆ ಎಷ್ಟು ಶಾಸ್ತ್ರೀಯವಾದರೂ ಅದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ.

ಈ ಭೇದದ ಮಹತ್ತ್ವವನ್ನು ಹಂಪೆಯ ಎರಡು ಉದಾಹರಣೆಗಳು ಸ್ಪಷ್ಟಪಡಿಸುತ್ತವೆ. ವಿಠ್ಠಲದೇವಾಲಯದ ಕಲ್ಲಿನ ರಥವು ಇಂದು ಚಪ್ಪಟೆಯಾದ ಶಿಖರಹೀನ ರೂಪದಲ್ಲಿ ಕಾಣುತ್ತದೆ, ನೋಟುಗಳ ಮೇಲೂ ಚಿತ್ರಗಳ ಮೇಲೂ ಪ್ರಸಿದ್ಧವಾದುದು ಈ ರೂಪವೇ. ಆದರೆ ೧೮೫೬ರಲ್ಲಿ ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ತೆಗೆದ ಛ್ಯಾಯಾಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಅದು ಬಳಿಕ ತೆಗೆದುಹಾಕಲ್ಪಟ್ಟಿತು. ಆ ಚಿತ್ರವು ಉಳಿದಿರದಿದ್ದರೆ ಶಿಖರವನ್ನು ತೋರಿಸುವವನು ಕಲ್ಪನೆಯನ್ನು ಹೆಣೆದನೆಂದು ಜನರು ಜರಿಯಬಹುದಿತ್ತು. ಇಲ್ಲಿ ಊಹೆಯಂತೆ ತೋರುವುದಕ್ಕೆ ಪ್ರಮಾಣವಿದೆ.

ಎರಡನೆಯದು ಇದಕ್ಕೆ ವಿಪರೀತವಾದುದು. ಕೃಷ್ಣದೇವರಾಯನ ಕಾಲದಲ್ಲಿ, ೧೫೨೮ರಲ್ಲಿ, ಪ್ರತಿಷ್ಠಿತವಾದ ೬.೭ ಮೀಟರು ಎತ್ತರದ ನರಸಿಂಹನ ವಿಗ್ರಹವನ್ನು ಜನರು ‘ಉಗ್ರನರಸಿಂಹ’ನೆಂದು ಕರೆಯುವುದುಂಟು. ಆದರೆ ಸ್ವಾಮಿಯ ಬೆನ್ನಿನ ಮೇಲೆ ಇಂದಿಗೂ ಉಳಿದಿರುವ ಒಂದು ಕೈಯು, ತೊಡೆಯ ಮೇಲೆ ಲಕ್ಷ್ಮಿಯು ಕುಳಿತಿದ್ದಳೆಂಬುದನ್ನು ಸಾರುತ್ತದೆ. ವಿಗ್ರಹವು ಒಡೆದುದರಿಂದ ದೇವಿಯು ಮರೆಯಾದಳು; ದೇವಿಯು ಮರೆಯಾದುದರಿಂದ ಲಕ್ಷ್ಮೀನರಸಿಂಹನು ಉಗ್ರನಾದನು. ಇಲ್ಲಿ ಲಕ್ಷ್ಮಿಯು ಇದ್ದಳೆಂಬುದಕ್ಕೆ ಕೈಯು ಪ್ರಮಾಣ; ಆಕೆಯ ಮುಖವು ಹೇಗಿತ್ತೆಂಬುದಕ್ಕೆ ಆ ಕೈಯು ಪ್ರಮಾಣವಲ್ಲ. ಪ್ರತಿರೂಪದಲ್ಲಿ ಮುಖವನ್ನು ಬಿಡಿಸಿದರೆ ಅದು ಅನ್ಯ ವಿಗ್ರಹಗಳ ಸಾದೃಶ್ಯದಿಂದ ಬಂದ ಊಹೆಯೆಂದೇ ತಿಳಿಯಬೇಕು. ಹೆಡ್‌ಸೆಟ್ಟಿನಲ್ಲಿ ಒಮ್ಮೆ ಆ ಮುಖವನ್ನು ಕಂಡ ವಿದ್ಯಾರ್ಥಿಗೆ ಕೈಯೂ ಮುಖವೂ ಸಮಾನವಾಗಿ ಸತ್ಯವೆನಿಸುವ ಭಯವಿದೆ.

ಹಂಪೆಯನ್ನು ಕುರಿತ ಇನ್ನೊಂದು ದೃಶ್ಯರಚನೆಯನ್ನೂ ಇಲ್ಲಿ ನೆನೆಯಬೇಕು. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಎಂಬವರು ರಚಿಸಿದ ‘ಪ್ಲೇಸ್-ಹಂಪಿ’ ೨೦೦೬ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಪ್ರದರ್ಶಿತವಾಗಿ, ೨೦೧೨ರಲ್ಲಿ ತೋರಣಗಲ್ಲಿನ ಬಳಿಯ ಕಲಾಧಾಮದಲ್ಲಿ ನೆಲೆಗೊಂಡಿತು. ಅದರಲ್ಲಿ ನೋಟಕನು ತಿರುಗುವ ವೇದಿಕೆಯ ಮೇಲೆ ನಿಂತು ಹಂಪೆಯ ವರ್ತುಲಾಕಾರದ ಛಾಯಾದೃಶ್ಯಗಳೊಳಗೆ ಹೋಗುತ್ತಾನೆ. ಆ ದೃಶ್ಯಗಳಲ್ಲಿ ದೇವತಾರೂಪಗಳು ಚಲಿಸುವ ಚಿತ್ರಗಳಾಗಿ ಸೇರಿವೆ. ಚಲಿಸುವ ದೇವತೆಯನ್ನು ಯಾರೂ ಶಿಲ್ಪವೆಂದು ಬಗೆಯರಾದುದರಿಂದ ಅಲ್ಲಿ ಭ್ರಾಂತಿಗೆ ಆಸ್ಪದವು ಕಡಮೆ. ಕಲ್ಲಿನ ಬಣ್ಣವನ್ನೇ ಹೊದ್ದು, ಕಲ್ಲಿನಂತೆಯೇ ನಿಂತ ಊಹೆಯು ಅದಕ್ಕಿಂತ ಹೆಚ್ಚು ಮೋಸಗೊಳಿಸುವಂಥದು.

೭. ಪೂರ್ವಿಕರ ಮರ್ಯಾದೆ ಮತ್ತು ಮುಂದಿನ ಪ್ರಯೋಗ

ಊಹೆಯನ್ನು ಬಿಟ್ಟೇಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಊಹೆಯಿಲ್ಲದೆ ಯಾವ ಪಾಠಪರಿಷ್ಕರಣವೂ ನಡೆಯದು. ಊಹೆಯನ್ನು ಊಹೆಯೆಂದು ಗುರುತಿಸಬೇಕೆಂಬುದೇ ವಿದ್ವಾಂಸರ ಮರ್ಯಾದೆ. ಶಾಸನಸಂಪಾದಕರು ಮಸಕಾದ ಅಕ್ಷರಗಳನ್ನು ಚೌಕಕಂಸದಲ್ಲಿ ಹಾಕಿ, ತಾವೇ ತುಂಬಿದ ಅಕ್ಷರಕ್ಕೆ ನಕ್ಷತ್ರಚಿಹ್ನೆಯನ್ನೂ ಕೂಡಿಸುತ್ತಾರೆ. ಪುಣೆಯ ಭಾಂಡಾರಕರ ಸಂಸ್ಥೆಯಿಂದ ಸುಕ್ಥಣಕರರ ಸಂಪಾದಕತ್ವದಲ್ಲಿ ೧೯೩೩ರಲ್ಲಿ ಪೂರ್ಣಗೊಂಡ ಆದಿಪರ್ವದ ಪರಿಷ್ಕರಣದಲ್ಲಿ ಸಂದಿಗ್ಧವಾದ ಪಾಠದ ಕೆಳಗೆ ಅಲೆಯಂತಹ ಗೆರೆಯನ್ನು ಎಳೆದಿದ್ದಾರೆ. ಧಾರವಾಡದಲ್ಲಿ ೧೯೩೯ರಲ್ಲಿ ಸ್ಥಾಪಿತವಾಗಿ, ಆರ್. ಎಸ್. ಪಂಚಮುಖಿಯವರ ನೇತೃತ್ವದಲ್ಲಿ ಶಾಸನಗಳನ್ನು ಪ್ರಕಟಿಸಿದ ಕನ್ನಡ ಸಂಶೋಧನ ಸಂಸ್ಥೆಯು ಈ ಪರಂಪರೆಗೇ ಸೇರಿದುದು. ಓದುವವನು ಕಂಸವನ್ನು ಕಂಡು ಎಚ್ಚರಗೊಳ್ಳುತ್ತಾನೆ. ಹೆಡ್‌ಸೆಟ್ಟಿನೊಳಗಣ ಗುಡಿಗೆ ಕಂಸವೆಲ್ಲಿ?

ಅಂತರರಾಷ್ಟ್ರೀಯ ಮಂಡಲಿಗಳೂ ಈ ವಿಷಯವನ್ನು ವಿಚಾರಿಸಿವೆ. ೧೯೬೪ರ ವೆನಿಸ್ ಸನದು ಜೀರ್ಣೋದ್ಧಾರವು ಊಹೆಯ ಗಡಿಯನ್ನು ಮುಟ್ಟಿದಲ್ಲಿ ನಿಲ್ಲಬೇಕೆಂದೂ, ಹೊಸದಾಗಿ ಸೇರಿಸಿದುದು ಹಳೆಯದರಿಂದ ಬೇರೆಯಾಗಿ ತೋರಬೇಕೆಂದೂ ವಿಧಿಸಿತು. ಗಣಕದಿಂದ ರಚಿಸುವ ಪ್ರತಿರೂಪಗಳಿಗಾಗಿ ೨೦೦೬ರಲ್ಲಿ ರೂಪುಗೊಂಡು ೨೦೦೯ರಲ್ಲಿ ಪರಿಷ್ಕೃತವಾದ ಲಂಡನ್ ಸನದು, ಯಾವ ಆಧಾರದಿಂದ ಯಾವ ನಿರ್ಣಯಕ್ಕೆ ಬರಲಾಯಿತೆಂಬ ವಿವರವನ್ನು ಪ್ರತಿರೂಪದೊಡನೆಯೇ ದಾಖಲಿಸಬೇಕೆಂದು ಹೇಳುತ್ತದೆ. ಇವು ಕಂಸಚಿಹ್ನೆಯ ತತ್ತ್ವವನ್ನೇ ಬೇರೆ ಭಾಷೆಯಲ್ಲಿ ಸಾರುತ್ತವೆ.

ಇಲ್ಲಿ ಪೂರ್ವಪಕ್ಷವೊಂದು ಉಂಟು. ಗುಡಿಯ ಅರ್ಧಭಾಗಕ್ಕೆ ಬೇರೆ ಬಣ್ಣವನ್ನು ಬಳಿದು ಇದು ಊಹೆಯೆಂದು ಸಾರಿದರೆ ರಸಭಂಗವಾಗುವುದು, ತಲ್ಲೀನತೆಯು ಕೆಡುವುದು, ಮಿಥ್ಯಾವಾಸ್ತವದ ಪ್ರಯೋಜನವೇ ನಷ್ಟವಾಗುವುದು ಎಂದು ಕೆಲವರು ಹೇಳಬಹುದು. ಈ ಆಕ್ಷೇಪವು ಲಘುವಾದುದಲ್ಲ. ಆದರೆ ತರ್ಕಮಾತ್ರದಿಂದ ನಿರ್ಣಯವಾಗತಕ್ಕುದೂ ಅಲ್ಲ. ಗುರುತು ಮಾಡಿದರೆ ತಲ್ಲೀನತೆಯು ಎಷ್ಟು ಕುಗ್ಗುತ್ತದೆ? ಗುರುತು ಮಾಡದಿದ್ದರೆ ಊಹೆಯನ್ನು ಸತ್ಯವೆಂದು ನೆನಪಿನಲ್ಲಿಡುವವರು ಎಷ್ಟು ಜನ? ಈ ಎರಡೂ ಅಳೆಯಬಹುದಾದ ವಿಷಯಗಳು. ಅಳೆಯುವ ಸಾಧನಗಳೇ ಮೇಲೆ ವರ್ಣಿಸಿದ ತಂತ್ರಾಂಶಗಳು.

ಪ್ರಯೋಗದ ರೂಪವನ್ನೂ ಸುಲಭವಾಗಿ ಹೇಳಬಹುದು. ನರಸಿಂಹವಿಗ್ರಹದ ಪ್ರತಿರೂಪವನ್ನು ಮೂರು ಬಗೆಯಾಗಿ ಸಿದ್ಧಪಡಿಸಬೇಕು: ಭಗ್ನವಾಗಿದ್ದಂತೆಯೇ ಒಂದು, ಗುರುತಿಲ್ಲದೆ ತುಂಬಿದುದು ಒಂದು, ತುಂಬಿದ ಭಾಗವನ್ನು ತಿಳಿಬಣ್ಣದಿಂದ ಗುರುತಿಸಿದುದು ಒಂದು. ಕಾಲೇಜಿನ ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ, ಆಯ್ಕೆಯಲ್ಲಿ ಪಕ್ಷಪಾತವಿಲ್ಲದಂತೆ ಹಂಚಿ, ಅವರ ಒಪ್ಪಿಗೆಯನ್ನು ಪಡೆದು, ಒಂದೊಂದು ಗುಂಪಿಗೆ ಒಂದೊಂದನ್ನು ತೋರಿಸಬೇಕು. ಯಾವ ಭಾಗವನ್ನು ಎಷ್ಟು ಹೊತ್ತು ನೋಡಿದರೆಂಬುದನ್ನು ತಂತ್ರಾಂಶವೇ ಬರೆದುಕೊಳ್ಳುವುದು. ಒಂದು ವಾರದ ಬಳಿಕ ಯಾವುದು ಉಳಿದ ಶಿಲ್ಪ, ಯಾವುದು ಊಹೆ ಎಂದು ವಿಚಾರಿಸಿದರೆ ಫಲವು ಹೊರಬೀಳುವುದು. ವಿಗ್ರಹಗಳ ಪ್ರತಿರೂಪವಿದ್ಯೆಯು ಹುಬ್ಬಳ್ಳಿಯಲ್ಲಿದೆ. ಶಾಸನಪಾಠದ ಶಿಸ್ತು ಧಾರವಾಡದಲ್ಲಿದೆ. ೨೦೧೬ರಲ್ಲಿ ಸ್ಥಾಪಿತವಾದ ಐ. ಐ. ಟಿ.ಯೂ ಅಲ್ಲಿಯೇ ಇದೆ. ಅವಳಿನಗರಗಳ ಈ ಮೂರು ವಿದ್ಯೆಗಳು ಒಂದೆಡೆ ಕೂಡಿದರೆ ಪ್ರಯೋಗಕ್ಕೆ ಬೇಕಾದುದೆಲ್ಲ ಒದಗುವುದು.

ವೀಟ್‌ಸ್ಟನ್ನನ ಕನ್ನಡಿಗಳಿಂದ ಲೀಡ್ಸಿನ ತಂತ್ರಾಂಶದವರೆಗಿನ ಇತಿಹಾಸವನ್ನು ನೋಡಿದರೆ ದೃಶ್ಯಯಂತ್ರಗಳು ಬಂದುವು, ಹೋದುವು. ಒಂದು ತಲೆಮಾರಿನ ಅದ್ಭುತವು ಮುಂದಿನ ತಲೆಮಾರಿನ ಆಟಿಕೆಯಾಯಿತು. ಆ ಯಂತ್ರಗಳಿಂದ ನಡೆಯಿಸಿದ ಪ್ರಯೋಗಗಳ ದಾಖಲೆಗಳು ಮಾತ್ರ ಉಳಿದುವು. ಹಂಪೆಯ ವಿಷಯದಲ್ಲಿಯೂ ಹಾಗೆಯೇ. ಗ್ರೀನ್‌ಲಾ ತೆಗೆದ ಚಿತ್ರವು ಇಂದಿಗೂ ಪ್ರಮಾಣವಾಗಿರುವುದು, ಇದ್ದುದನ್ನು ಇದ್ದಂತೆ ಹಿಡಿದಿಟ್ಟುದರಿಂದ. ಇಂದು ರಚಿತವಾಗುತ್ತಿರುವ ಪ್ರತಿರೂಪಗಳು ನೂರಾರು ವರ್ಷಗಳ ಮೇಲೆ ಅಂಥ ಪ್ರಮಾಣಗಳಾಗಬೇಕಾದರೆ, ಕಂಡುದು ಇಷ್ಟು, ಊಹಿಸಿದುದು ಇಷ್ಟು ಎಂಬ ದಾಖಲೆಯು ಅವುಗಳೊಡನೆಯೇ ಉಳಿಯತಕ್ಕದ್ದು.